ಕಲಬುರಗಿ ಬ್ಯಾಸಗಿಯಲ್ಲಿ ಗೇಮ್ ಕನ್ಸೋಲ್ ಕಾಯ್ದರೆ ಎಲ್ಲಿಂದ ನೋಡಬೇಕು

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ ಒಂದೂವರೆಗೆ ಹಾಕುತ್ತವೆ. ಸೂಟಿ ಬಿಟ್ಟ ಹುಡುಗರು ಸರಿಯಾಗಿ ಅದೇ ಹೊತ್ತಿಗೆ ಉಂಡು ಬಂದು ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಹಚ್ಚುತ್ತಾರೆ. ಹೊರಗೆ 42–43 ಡಿಗ್ರಿ ಬಿಸಿಲು, ಕಿಟಕಿ ಬಂದ್, ಶೋಕೇಸಿನೊಳಗೆ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4). ಒಂದು ತಾಸಿಗೆ ಫ್ಯಾನ್ ಚೀರಲು ಶುರುವಾಗುತ್ತದೆ, ಆಮೇಲೆ ಪರದೆಯ ಮೇಲೆ ಎಚ್ಚರಿಕೆ. ಮರುದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ರಿಪೇರಿಗೆ ಒಯ್ಯುತ್ತಾರೆ. ಇಂಥ ಮಷಿನುಗಳಲ್ಲಿ ಎಷ್ಟೋ ಸಲ ಏನೂ ಕೆಟ್ಟಿರುವುದಿಲ್ಲ. ಸೋನಿ ಮತ್ತು ನಿಂಟೆಂಡೊ ತಮ್ಮ ಕೈಪಿಡಿಯಲ್ಲಿ 5ರಿಂದ 35 ಡಿಗ್ರಿ ಒಳಗಿನ ಜಾಗದಲ್ಲಿ ಮಾತ್ರ ಬಳಸಿ ಎಂದು ಬರೆದಿವೆ. ನಮ್ಮ ಬ್ಯಾಸಗಿ ಆ ಗೆರೆಯನ್ನು ಮನೆಯೊಳಗೇ ದಾಟುತ್ತದೆ.

ಅದಕ್ಕೇ ಹಣ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ, ಸ್ಕ್ರೂ ಬಿಚ್ಚುವ ಮಾತು ಕೊನೆಗೆ ಬರುವಂತೆ ಇದನ್ನು ಬರೆದಿದ್ದೇನೆ. ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗ ಓದಿದರೆ ಸಾಕು. ಆದರೆ ಮೊದಲಿನ ಭಾಗ ಎಲ್ಲರೂ ಓದಬೇಕು.

ಎಲ್ಲಕ್ಕಿಂತ ಮೊದಲು: ರೂಮಿನ ಗಾಳಿ ಎಷ್ಟು ಕಾಯ್ದಿದೆ?

ಕನ್ಸೋಲಿನ ಒಳಗಿನ ಫ್ಯಾನ್ ಏಸಿಯ ಕೆಲಸ ಮಾಡುವುದಿಲ್ಲ. ಅದು ರೂಮಿನ ಗಾಳಿಯನ್ನೇ ಎಳೆದು, ಒಳಗಿನ ಪ್ರೊಸೆಸರ್ ಚಿಪ್ಪಿನ ಬಿಸಿ ಹೊತ್ತ ಲೋಹದ ರೆಕ್ಕೆಗಳ (ಹೀಟ್ ಸಿಂಕ್) ನಡುವೆ ಹಾಯಿಸಿ ಹಿಂದೆ ಬಿಡುತ್ತದೆ, ಅಷ್ಟೇ. ರೂಮು 39 ಡಿಗ್ರಿ ಇದ್ದರೆ ಒಳಗಿನ ಲೆಕ್ಕ 39ರಿಂದಲೇ ಶುರು. ಗೋಡೆಗೆ ತೂಗುಹಾಕುವ ಸಣ್ಣ ಥರ್ಮಾಮೀಟರ್ ತಂದು ಕನ್ಸೋಲಿನ ಪಕ್ಕದಲ್ಲಿಡಿ. ರೂಮಿನ ನಡುವೆ ಇಟ್ಟರೆ ಪ್ರಯೋಜನವಿಲ್ಲ, ಶೋಕೇಸಿನ ಒಳಗೇ ಇಡಬೇಕು. ಆಟ ಶುರು ಮಾಡಿ ಅರ್ಧ ತಾಸಿಗೆ ನೋಡಿ. 35 ದಾಟಿದ್ದರೆ ಮಷಿನನ್ನು ದೂರುವ ಮುಂಚೆ ಜಾಗ ಬದಲಿಸಬೇಕು, ಇಲ್ಲವೇ ಹೊತ್ತು ಬದಲಿಸಬೇಕು.

ಹೊತ್ತಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಂಜೆ ಬಿಸಿಲು ಇಳಿಯಿತು, ಇನ್ನು ಆಡಬಹುದು ಎನ್ನುತ್ತಾರೆ. ಆದರೆ ದಿನವೆಲ್ಲ ಕಾಯ್ದ ಶಹಾಬಾದ್ ಕಲ್ಲಿನ ಮಾಳಿಗೆ, ಆರ್‌ಸಿಸಿ ಸ್ಲ್ಯಾಬು ರಾತ್ರಿ ಹತ್ತು ಹನ್ನೊಂದರ ತನಕ ಆ ಬಿಸಿಯನ್ನು ಕೆಳಗೆ ಬಿಡುತ್ತಲೇ ಇರುತ್ತವೆ. ಮೇಲಿನ ಅಂತಸ್ತಿನ ರೂಮಿನಲ್ಲಿ ರಾತ್ರಿ ಎಂಟು ಗಂಟೆ ಅಂದರೆ ಮಷಿನಿಗೆ ಇನ್ನೂ ಮಧ್ಯಾಹ್ನವೇ. ನಿಜವಾಗಿ ತಂಪಿರುವುದು ನಸುಕಿನಿಂದ ಹತ್ತರ ತನಕ. ಮಕ್ಕಳಿಗೆ ಆ ಹೊತ್ತು ಕೊಡಿ, ಮಧ್ಯಾಹ್ನ ಬಿಡಿಸಿ. ಪತ್ರಾಸ್ (ತಗಡು) ಹಾಕಿದ ರೂಮಿನಲ್ಲಂತೂ ಏಪ್ರಿಲ್, ಮೇ ಮಧ್ಯಾಹ್ನ ಕನ್ಸೋಲ್ ಹಚ್ಚಲೇಬಾರದು. ಬೀದರ ಎತ್ತರದಲ್ಲಿರುವುದರಿಂದ ಅಲ್ಲಿಯವರಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಯಾದಗಿರಿಯವರಿಗೆ ಅದೂ ಇಲ್ಲ.

ಜಾಗದ ಮಾತು. ಪಿಎಸ್5 ಭಾರಿ ಆಟ ನಡೆಸುವಾಗ 200 ವ್ಯಾಟ್ ಆಸುಪಾಸು ವಿದ್ಯುತ್ ತಿನ್ನುತ್ತದೆ. ತಿಂದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತದೆ. ಗಾಜಿನ ಬಾಗಿಲಿನ ಶೋಕೇಸಿನೊಳಗೆ ಹಳೇ ಕಾಲದ ನೂರು ವ್ಯಾಟಿನ ಎರಡು ಬಲ್ಬು ಹಚ್ಚಿ ಬಾಗಿಲು ಹಾಕಿದ ಹಾಗೆ. ಹಿಂದಿನಿಂದ ಬಿಟ್ಟ ಬಿಸಿ ಗಾಳಿಯನ್ನೇ ಮುಂದಿನಿಂದ ಮತ್ತೆ ಎಳೆದುಕೊಳ್ಳುತ್ತದೆ. ಹಳೇ ಮನೆಗಳ ಗೋಡೆಯ ಗೂಡಿನಲ್ಲಿ ಇಟ್ಟರೂ ಇದೇ ಗತಿ. ಹೊರಗೆ ತೆಗೆದು ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರ ಇಡಿ. ನಮ್ಮ ಸೆಕೆಗೆ ಒಂದು ಗೇಣು ಬಿಟ್ಟರೆ ಇನ್ನೂ ಒಳ್ಳೆಯದು. ಕಲ್ಲಿನ ನೆಲ ತಂಪಿದೆ ಎಂದು ನೆಲದ ಮೇಲೆ ಇಡಬೇಡಿ. ಕಸ ಗುಡಿಸಿದಾಗ ಏಳುವ ಧೂಳೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ. ಒಂದು ಸ್ಟೂಲು ಸಾಕು. ಧೂಳು ಕೂರಬಾರದೆಂದು ಕಸೂತಿ ಬಟ್ಟೆ ಹೊದಿಸುವ ಅಭ್ಯಾಸ ಇದ್ದರೆ, ಆಟ ಮುಗಿದು ಮಷಿನು ಆರಿದ ಮೇಲೆ ಮಾತ್ರ ಹೊದಿಸಿ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ನಿಲ್ಲಿಸಿಟ್ಟಾಗ ಬಿಸಿ ಗಾಳಿ ಬಿಡುವುದು ನೆತ್ತಿಯಿಂದ. ಅದರ ಮೇಲೆ ರಿಮೋಟ್ ಕೂಡ ಇಡಬಾರದು.

ಕೂಲರ್ ಹಚ್ಚಬಹುದೇ? ಹಚ್ಚಬಹುದು, ರೂಮಿಗೆ. ಒಣ ಬ್ಯಾಸಗಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದು ಕಿಟಕಿ ತೆರೆದಿರಬೇಕು, ಇಲ್ಲವಾದರೆ ತೇವ ತುಂಬಿ ಕೂಲರಿನ ತಂಪೂ ನಿಲ್ಲುತ್ತದೆ. ಆದರೆ ಕೂಲರಿನ ಮುಖವನ್ನು ನೇರ ಕನ್ಸೋಲಿನತ್ತ ತಿರುಗಿಸಬೇಡಿ. ಪ್ಯಾಡಿನಿಂದ ಹಾರುವ ಸಣ್ಣ ಹನಿಗಳು ಒಳಗೆ ಹೋಗುತ್ತವೆ, ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಬೋರ್ಡಿನ ಮೇಲೆ ಕೂರುತ್ತದೆ. ಐಸ್ ಪ್ಯಾಕ್ ಇಡುವುದು, ಫ್ರಿಜ್ಜಿನಲ್ಲಿಟ್ಟು ತಂಪು ಮಾಡುವುದು ಇನ್ನೂ ಕೆಟ್ಟದ್ದು. ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಆ ಸ್ಥಿತಿಯಲ್ಲಿ ಕರೆಂಟು ಕೊಟ್ಟರೆ ಬೋರ್ಡು ಹೋಯಿತೆಂದೇ ತಿಳಿಯಿರಿ.

ಲಕ್ಷಣ: ಫ್ಯಾನ್ ಮೊದಲಿಗಿಂತ ಜೋರಾಗಿ ಕೂಗುತ್ತದೆ

ಭಾರಿ ಆಟದಲ್ಲಿ ಮಾತ್ರ ಕೂಗಿ, ಮೆನುವಿಗೆ ಬಂದ ಕೂಡಲೇ ಇಳಿದರೆ ಚಿಂತೆ ಬೇಡ. ಅದು ತನ್ನ ಕೆಲಸ ಮಾಡುತ್ತಿದೆ. ಹಳೇ ಪಿಎಸ್4 ಮತ್ತು ಪಿಎಸ್4 ಪ್ರೊ ಹುಟ್ಟಿದಾಗಿನಿಂದಲೂ ಸದ್ದಿನವೇ. ಬರೀ ಮೆನುವಿನಲ್ಲಿ ಕೂತಾಗಲೂ ಕೂಗುತ್ತಿದ್ದರೆ ಎಲ್ಲೋ ಗಾಳಿ ಕಟ್ಟಿದೆ.

ಈಗ ಅಂಗೈ ಪರೀಕ್ಷೆ. ಇಡೀ ಬರಹದಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಭಾರಿ ಆಟ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಗಾಳಿ ಹೊರಬರುವ ಕಡೆ ಅಂಗೈ ಹಿಡಿಯಿರಿ. ಪಿಎಸ್4, ಪಿಎಸ್5ರಲ್ಲಿ ಅದು ಹಿಂಭಾಗ.

ಜೋರು ಗಾಳಿ, ಚೆನ್ನಾಗಿ ಬಿಸಿ ಇದೆ: ದಾರಿ ತೆರೆದಿದೆ, ಬಿಸಿ ಹೊರಗೆ ಬರುತ್ತಿದೆ. ತಪ್ಪು ರೂಮಿನದು ಅಥವಾ ಜಾಗದ್ದು.

ಫ್ಯಾನಿನ ಸದ್ದು ಜೋರು, ಅಂಗೈಗೆ ಗಾಳಿ ತೀರ ಕಡಿಮೆ: ಧೂಳು ಕಟ್ಟಿದೆ. ನಮ್ಮ ಭಾಗದಲ್ಲಿ ಇದೇ ಹೆಚ್ಚು.

ಗಾಳಿ ಧಾರಾಳ ಬರುತ್ತದೆ, ಆದರೆ ಬರೀ ಉಗುರುಬೆಚ್ಚಗೆ, ಅಷ್ಟರಲ್ಲೇ ಮಷಿನು ಬಿಸಿಯಾಗಿದೆ ಎಂದು ಎಚ್ಚರಿಕೆ ಕೊಡುತ್ತದೆ: ಚಿಪ್ಪಿನ ಬಿಸಿ ಹೀಟ್ ಸಿಂಕಿಗೆ ಮುಟ್ಟುತ್ತಲೇ ಇಲ್ಲ. ಬಿಸಿ ದಾಟಿಸಲೆಂದು ಎರಡರ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರಬಹುದು. ಐದಾರು ವರ್ಷ ಓಡಿದ ಪಿಎಸ್4ರಲ್ಲಿ ಇದು ಸಾಮಾನ್ಯ.

ಈ ಮೂರರಲ್ಲಿ ನಿಮ್ಮದು ಯಾವುದೆಂದು ತಿಳಿದರೆ ಅರ್ಧ ರಿಪೇರಿ ಆದಂತೆ.

ಧೂಳು ತೆಗೆಯುವುದು

ತೊಗರಿ ರಾಶಿಯ ದಿನಗಳು ಕಳೆದ ಮೇಲೆ ದಾಲ್ ಮಿಲ್ಲುಗಳ ಹತ್ತಿರದ ಮನೆಯಿಂದ ಬಂದ ಪಿಎಸ್4 ಬಿಚ್ಚಿದರೆ, ಹೀಟ್ ಸಿಂಕಿನ ಬಾಯಿಗೆ ಹಳದಿ ಛಾಯೆಯ ದಪ್ಪ ಪದರ ಕಂಬಳಿಯಂತೆ ಕೂತಿರುತ್ತದೆ. ಉಗುರು ಹಾಕಿ ಎಳೆದರೆ ಒಂದೇ ತುಂಡಾಗಿ ಎದ್ದು ಬರುತ್ತದೆ. ಸಿಮೆಂಟು, ಕಲ್ಲಿನ ಕೆಲಸದ ವಾಡಿ, ಶಹಾಬಾದ್, ಸೇಡಂ ಕಡೆಯವರದ್ದು ಬೂದು ಬಣ್ಣದ ಸಣ್ಣ ಪುಡಿ. ಅದು ಬೇಗ ಗಟ್ಟಿಯಾಗುತ್ತದೆ, ಬರೀ ಊದಿದರೆ ಹೋಗುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಮಷಿನುಗಳು ಫಳಫಳ ಹೊಳೆಯುತ್ತಿರುತ್ತವೆ.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಕನ್ಸೋಲನ್ನು ಪೂರ್ತಿ ಆಫ್ ಮಾಡಿ. ರೆಸ್ಟ್ ಮೋಡಿನಲ್ಲಿ (ಅರೆ ನಿದ್ದೆಯಲ್ಲಿ) ಕಿತ್ತಳೆ ದೀಪ ಉರಿಯುತ್ತಿರುವಾಗ ವೈರು ಕೀಳಬೇಡಿ. ಪಿನ್ನು ತೆಗೆದು, ಮೈ ಆರುವ ತನಕ ಬಿಡಿ. ಆಮೇಲೆ ಮೆತ್ತನೆಯ ಒಣ ಬ್ರಷ್ಷಿನಿಂದ ಎಲ್ಲ ಜಾಲರಿಗಳನ್ನು ಸಡಿಲಿಸಿ, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿಟ್ಟು ಹೊರಗಿನಿಂದ ಎಳೆಯಿರಿ. ಪಿಎಸ್5ರಲ್ಲಿ ಬಿಳಿ ಮುಚ್ಚಳ ಸ್ಕ್ರೂ ಇಲ್ಲದೆ ಕೈಯಲ್ಲೇ ಬರುತ್ತದೆ. ಅದರ ಕೆಳಗೆ ಧೂಳು ಸೇರಲೆಂದೇ ಬಿಟ್ಟ ತೂತುಗಳಿವೆ, ಅಲ್ಲಿ ವ್ಯಾಕ್ಯೂಮಿನ ಬಾಯಿ ಹಿಡಿದರೆ ಸಾಕು. ಅಲ್ಲೇ ಫ್ಯಾನ್ ಕೂಡ ಕಾಣುತ್ತದೆ. ಬ್ಲೋವರ್ ಬಳಸುವುದಾದರೆ ಮಾಳಿಗೆಯ ಮೇಲೆ ಒಯ್ದು, ಕೈಗೆ ಸಿಗುವ ಫ್ಯಾನಿನ ರೆಕ್ಕೆಗೆ ಒಂದು ಕಟ್ಟಿಗೆಯ ಕಡ್ಡಿ ಅಡ್ಡ ಹಿಡಿದು ಊದಿ. ಫ್ಯಾನ್ ಬಿಟ್ಟಹಾಗೆ ಗರಗರ ತಿರುಗಿದರೆ ಬೇರಿಂಗ್ ಸವೆಯುತ್ತದೆ.

ಪಂಕ್ಚರ್ ಅಂಗಡಿಯ ಹವಾ ಮಷಿನಿನ ಕಡೆ ಮಾತ್ರ ಹೋಗಬೇಡಿ. "ಒಂದು ಸಲ ಹವಾ ಹೊಡಿರಿ ಕಾಕಾ" ಎಂದು ಕನ್ಸೋಲ್ ಹಿಡಿದು ನಿಂತವರನ್ನು ನೋಡಿದ್ದೇನೆ. ಆ ಟ್ಯಾಂಕಿನ ಗಾಳಿಯಲ್ಲಿ ನೀರೂ ಎಣ್ಣೆಯೂ ಬೆರೆತಿರುತ್ತವೆ, ಒತ್ತಡವೂ ವಿಪರೀತ. ಧೂಳು ಹೊರಗೆ ಬರುವ ಬದಲು ಎಣ್ಣೆಯ ಜೊತೆ ಅಂಟಿಕೊಂಡು ಒಳಗೇ ಉಳಿಯುತ್ತದೆ. ಒದ್ದೆ ಬಟ್ಟೆ, ಸೀಮೆಎಣ್ಣೆ, ಥಿನ್ನರ್ ಇವೂ ಬೇಡ.

ಬ್ಯಾಸಗಿಗೆ ಮುಂಚೆ ಮಾರ್ಚಿನಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಹೀಗೆ ಮಾಡಿದರೆ ಹೆಚ್ಚಿನ ಮನೆಗಳಿಗೆ ಸಾಕು. ಮಿಲ್ಲು, ಕ್ರಷರ್, ಕಚ್ಚಾ ರಸ್ತೆ ಹತ್ತಿರ ಇದ್ದವರು ತಿಂಗಳಿಗೊಮ್ಮೆ ಜಾಲರಿ ಒರೆಸಿ.

ಲಕ್ಷಣ: ತುಂಬಾ ಬಿಸಿಯಾಗಿದೆ ಎಂದು ಪರದೆಯ ಮೇಲೆ ಬರುತ್ತದೆ

ಪಿಎಸ್4ರಲ್ಲಿ ಈ ಸಂದೇಶದ ಜೊತೆ ದೀಪ ಕೆಂಪಾಗುತ್ತದೆ. ನಿಂಟೆಂಡೊದ ಸ್ವಿಚ್ ಎಂಬ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ತಾನೇ ಸಂದೇಶ ತೋರಿಸಿ ನಿದ್ದೆಗೆ ಜಾರುತ್ತದೆ. ಎಕ್ಸ್‌ಬಾಕ್ಸ್ ಗಾಳಿ ಸಾಲದು ಎನ್ನುತ್ತದೆ. ಯಾವುದಿದ್ದರೂ ಆಟ ಸೇವ್ ಮಾಡಿ ಆಫ್ ಮಾಡಿ. "ಈ ಮ್ಯಾಚ್ ಮುಗೀಲಿ" ಎಂದು ಮುಂದುವರಿಸಬೇಡಿ. ಮಷಿನು ತನ್ನನ್ನು ಉಳಿಸಿಕೊಳ್ಳಲು ಹೇಳುತ್ತಿರುವ ಮಾತು ಅದು. ಅರ್ಧ ತಾಸಾದರೂ ಬಿಡಿ.

ಆಮೇಲೆ ಮೊದಲಿನ ಭಾಗದ ಕೆಲಸ ಎಲ್ಲ ಮಾಡಿ ಮರುದಿನ ಬೆಳಗ್ಗೆ ಆರೇಳಕ್ಕೆ, ಕನ್ಸೋಲನ್ನು ಬಯಲಾದ ಮೇಜಿನ ಮೇಲಿಟ್ಟು, ಅದೇ ಆಟ ಹಚ್ಚಿ. ಸಂದೇಶ ಬರಲಿಲ್ಲವೆಂದರೆ ಮಷಿನು ಗಟ್ಟಿಯಾಗಿದೆ. ತಂಪು ಹೊತ್ತಿನಲ್ಲಿ, ತೆರೆದ ಜಾಗದಲ್ಲಿ, ಧೂಳು ತೆಗೆದ ಮೇಲೂ ಬಂದರೆ ಒಳಗಿನ ತೊಂದರೆ. ಅಂದರೆ ಪೇಸ್ಟ್, ಫ್ಯಾನ್ ಅಥವಾ ಒಳಗೆ ಆಳದಲ್ಲಿ ಕಟ್ಟಿದ ಧೂಳು. ಇಲ್ಲಿಂದ ಮುಂದೆ ಅಂಗಡಿಯ ಕೆಲಸ.

ಪಿಎಸ್5ರ ಬಗ್ಗೆ ಒತ್ತಿ ಹೇಳಬೇಕು. ಅದರಲ್ಲಿ ಮಾಮೂಲಿ ಪೇಸ್ಟ್ ಇಲ್ಲ, ದ್ರವ ಲೋಹ ಇದೆ. ಅದು ವಿದ್ಯುತ್ ಹಾಯಿಸುತ್ತದೆ. ವಿಡಿಯೋ ನೋಡಿ ಹೀಟ್ ಸಿಂಕ್ ಎತ್ತಿದಾಗ ಒಂದು ಹನಿ ಬೋರ್ಡಿನ ಮೇಲೆ ಜಾರಿದರೆ ಶಾರ್ಟ್ ಆಗಿ ಮಷಿನೇ ಹೋಗುತ್ತದೆ. ಬಿಳಿ ಮುಚ್ಚಳದ ಆಚೆ ಕೈ ಹಾಕಬೇಡಿ. ದ್ರವ ಲೋಹದ ಕೆಲಸ ಗೊತ್ತಿಲ್ಲದ ಅಂಗಡಿಯವರ ಕೈಗೂ ಕೊಡಬೇಡಿ.

ಲಕ್ಷಣ: ಆಡುತ್ತಿರುವಾಗಲೇ ಟಪ್ಪಂತ ಆಫ್ ಆಗುತ್ತದೆ

ಇದನ್ನು ಎಲ್ಲರೂ ಬಿಸಿಯ ಖಾತೆಗೆ ಬರೆಯುತ್ತಾರೆ, ಅರ್ಧದಷ್ಟು ಸಲ ಇದು ಕರೆಂಟಿನದು. ಬೇರ್ಪಡಿಸುವುದು ಕಷ್ಟವಲ್ಲ. ಬಿಸಿಯಿಂದಾದರೆ ಸಾಮಾನ್ಯವಾಗಿ ಮುಂಚೆ ಫ್ಯಾನ್ ಏರಿರುತ್ತದೆ, ಎಚ್ಚರಿಕೆ ಬಂದಿರುತ್ತದೆ, ಹಚ್ಚಿದ ಸ್ವಲ್ಪ ಹೊತ್ತಿನ ಮೇಲೇ ಆಗುತ್ತದೆ, ಮತ್ತು ಕೂಡಲೇ ಹಚ್ಚಿದರೆ ಬೇಗ ಮತ್ತೆ ಆಫ್ ಆಗುತ್ತದೆ. ಕರೆಂಟಿನಿಂದಾದರೆ ಹಚ್ಚಿದ ಎರಡು ನಿಮಿಷಕ್ಕೂ ಆಗಬಹುದು, ಎರಡು ತಾಸಿಗೂ ಆಗಬಹುದು. ಕೂಲರ್ ಅಥವಾ ಬೋರಿನ ಮೋಟಾರ್ ಶುರುವಾದ ಗಳಿಗೆಗೇ ಆದರೆ, ಟ್ಯೂಬ್‌ಲೈಟ್ ಒಮ್ಮೆ ಮಿಣುಕಿದರೆ ಸಂಶಯ ಬೇಡ, ವೋಲ್ಟೇಜ್ ಬೀಳುತ್ತಿದೆ.

ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ಗೋಡೆಯ ಸಾಕೆಟ್ಟಿಗೆ ನೇರ ಹಾಕಿ ನೋಡಿ. ಕೂಲರ್ ಮತ್ತು ಕನ್ಸೋಲ್ ಒಂದೇ ಬೋರ್ಡಿನಲ್ಲಿ ಇರಬಾರದು. ಇನ್ವರ್ಟರ್ ಮೇಲೆ ನಡೆಸುವಾಗ ಮಾತ್ರ ಕನ್ಸೋಲ್ ಗುಂಯ್ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಅದರ ಮೇಲೆ ಕನ್ಸೋಲ್ ನಡೆಸುವುದು ಬಿಡಿ, ಸೈನ್ ವೇವ್ ಇದ್ದರೆ ಅಡ್ಡಿಯಿಲ್ಲ. ಆಫ್ ಮಾಡಿ ಪಿನ್ನು ಕಿತ್ತಾಗ ಅದು ಕೈಗೆ ಸುಡುವಷ್ಟು ಬಿಸಿ ಇದ್ದರೆ, ಕರಿ ಕಲೆ ಕಂಡರೆ, ಸಾಕೆಟ್ ಸಡಿಲ ಇದ್ದರೆ ಆ ಸಾಕೆಟ್ ಬಳಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಲಕ್ಷಣ: ಫ್ಯಾನ್ ಸದ್ದೇ ಇಲ್ಲ, ಮೈ ಸುಡುತ್ತದೆ, ಅಥವಾ ಕಟಕಟ ಸದ್ದು

ಸದ್ದಿಲ್ಲ ಎಂದು ಖುಷಿಪಡಬೇಡಿ. ಇದು ಕೂಗುವುದಕ್ಕಿಂತ ಗಂಭೀರ. ಫ್ಯಾನ್ ನಿಂತಿದೆ ಅಥವಾ ಏನೋ ಸಿಕ್ಕಿಕೊಂಡಿದೆ. ಜಿರಳೆಗಳಿಗೆ ಪಿಎಸ್4ರ ಬೆಚ್ಚನೆಯ ಹೊಟ್ಟೆ ಇಷ್ಟದ ಜಾಗ, ಹಲ್ಲಿಯೂ ಹೊಗುತ್ತದೆ. ಕೂಡಲೇ ಆಫ್ ಮಾಡಿ, ಪಿನ್ನು ಕಿತ್ತು, ಜಾಲರಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಕಾಣುವ ಕಸ ಬ್ರಷ್ಷಿಗೆ ಬಂದರೆ ತೆಗೆಯಿರಿ. ತಂತಿ, ಸೂಜಿ ಹಾಕಿ ಕೆದಕಬೇಡಿ. ಜಿರಳೆ ಔಷಧಿಯನ್ನು ಒಳಗೆ ಹೊಡೆಯಬೇಡಿ. ಹೊಸ ಫ್ಯಾನ್ ಹಾಕುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಆದರೆ ಫ್ಯಾನ್ ಇಲ್ಲದೆ ನಾಲ್ಕು ದಿನ ಓಡಿಸಿ ಚಿಪ್ಪು ಸುಟ್ಟುಕೊಂಡರೆ ಮಷಿನಿನ ಬೆಲೆಯೇ ಹೋಗುತ್ತದೆ.

ಲಕ್ಷಣ: ಚಿತ್ರ ನಿಲ್ಲುತ್ತದೆ, ಬಣ್ಣದ ಚುಕ್ಕೆ, ಗೆರೆ ಬರುತ್ತವೆ

ಮೊದಲು ಎಚ್‌ಡಿಎಂಐ ಕೇಬಲ್ ಬದಲಿಸಿ, ಟಿವಿಯ ಇನ್ನೊಂದು ಪೋರ್ಟಿಗೆ ಹಾಕಿ. ಒಂದೇ ಆಟದಲ್ಲಿ ಮಾತ್ರ ಹೀಗಾದರೆ ತಪ್ಪು ಆಟದ್ದು. ಎಲ್ಲ ಆಟದಲ್ಲೂ, ಬಿಸಿಯೇರಿದ ಮೇಲೆ ಮಾತ್ರ ಬಂದು ತಂಪಾದಾಗ ಹೋದರೆ ಗ್ರಾಫಿಕ್ಸ್ ಚಿಪ್ಪಿಗೆ ಬಿಸಿ ತಟ್ಟುತ್ತಿದೆ. ಆಡುವುದನ್ನು ನಿಲ್ಲಿಸಿ.

ಹಳೇ ಎಕ್ಸ್‌ಬಾಕ್ಸ್ 360 ಅಗ್ಗಕ್ಕೆ ಕೊಂಡವರಿಗೆ ಒಂದು ಮಾತು. ಮೊದಲ ವಿನ್ಯಾಸದ ಮಷಿನಿನ ಗುಂಡಿಯ ಸುತ್ತ ಎಡಗಡೆ ಎರಡು ಕೆಂಪು ದೀಪ ಬಂದರೆ ಬಿಸಿ, ಆರಲು ಬಿಡಿ. ಮೂರು ಬಂದರೆ ಒಳಗಿನ ಹಾರ್ಡ್‌ವೇರ್ ಹೋಗಿದೆ. ಈ ಮೂರು ದೀಪದ ರೋಗ ಎಷ್ಟು ಹಬ್ಬಿತ್ತೆಂದರೆ ಮೈಕ್ರೋಸಾಫ್ಟ್ 2007ರಲ್ಲಿ ಅದಕ್ಕಾಗಿಯೇ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಮೀರಿ ಹಣ ತೆಗೆದಿಟ್ಟಿತು. ಈಗ ಆ ವಾರಂಟಿ ಇಲ್ಲ. ಮೂರು ದೀಪದ ಮಷಿನಿಗೆ ಹಣ ಹಾಕುವುದು ಬೇಡ ಎನ್ನುವುದೇ ನನ್ನ ಅಭಿಪ್ರಾಯ.

ಸ್ವಿಚ್ ಮತ್ತು ಕಂಟ್ರೋಲರ್: ಬ್ಯಾಟರಿ ಇರುವ ಸಾಮಾನುಗಳು

ಸ್ವಿಚ್ ಹಿಂದಿನಿಂದ ಗಾಳಿ ಎಳೆದು ನೆತ್ತಿಯಿಂದ ಬಿಡುತ್ತದೆ. ಹಾಸಿಗೆಯ ಮೇಲೆ, ದಿಂಬಿಗೆ ಒರಗಿಸಿ ಆಡಿದರೆ ಎರಡೂ ಮುಚ್ಚುತ್ತವೆ. ಯಾದಗಿರಿಗೋ ಸುರಪುರಕ್ಕೋ ಕಾರಿನಲ್ಲಿ ಹೊರಟಾಗ ಊಟಕ್ಕೆ ಇಳಿದ ಹೊತ್ತಿನಲ್ಲಿ ಸ್ವಿಚ್ಚನ್ನಾಗಲಿ ಕಂಟ್ರೋಲರನ್ನಾಗಲಿ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋಗಬೇಡಿ. ಮುಚ್ಚಿದ ಕಾರಿನೊಳಗಿನ ಬಿಸಿ ಹೊರಗಿನದಕ್ಕಿಂತ ಬಹಳ ಹೆಚ್ಚಿರುತ್ತದೆ. ಬೆನ್ನು ಉಬ್ಬಿದ್ದರೆ, ಪರದೆ ಎದ್ದಂತೆ ಕಂಡರೆ ಬ್ಯಾಟರಿ ಊದಿಕೊಂಡಿದೆ. ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ಕಷ್ಟ. ಕಲ್ಲಿನ ನೆಲದ ಮೇಲೆ, ಬಟ್ಟೆ ಕಾಗದಗಳಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ತಡಮಾಡದೆ ಸರ್ವಿಸಿಗೆ ಕೊಡಿ.

ಇಲ್ಲಿಗೆ ನಿಲ್ಲಿಸಿ

ಸುಟ್ಟ ವಾಸನೆ, ಹೊಗೆ, ಚಟಪಟ ಸದ್ದು, ಮುಟ್ಟಿದರೆ ಜುಂ ಎನ್ನುವ ಶಾಕ್, ಒಳಗೆ ನೀರು ಹೋದದ್ದು. ಇವುಗಳಲ್ಲಿ ಒಂದು ಕಂಡರೂ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಪಿನ್ನು ಕೀಳಿ. "ಒಂದು ಸಲ ಹಚ್ಚಿ ನೋಡೋಣ" ಬೇಡ. ಹೆಚ್ಚಿನ ಕನ್ಸೋಲುಗಳಲ್ಲಿ 230 ವೋಲ್ಟ್ ತೆಗೆದುಕೊಳ್ಳುವ ಪವರ್ ಸಪ್ಲೈ ಒಳಗೇ ಇರುತ್ತದೆ. ಪಿನ್ನು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಆ ಡಬ್ಬಿಯನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. ವಾರಂಟಿ ಇನ್ನೂ ಇದ್ದರೆ ಸ್ಕ್ರೂ ಮೇಲಿನ ಸ್ಟಿಕ್ಕರ್ ಮುಟ್ಟದೆ ಕಂಪನಿಯ ಸರ್ವಿಸಿಗೇ ಕೊಡಿ.

ಅಂಗಡಿಗೆ ಒಯ್ಯುವಾಗ

"ಅಣ್ಣಾ, ಭಾಳ ಕಾಯ್ತದ, ನೋಡ್ರಿ ಸ್ವಲ್ಪ" ಅಂದರೆ ಅವರೂ ಕತ್ತಲಲ್ಲಿ ಹುಡುಕಬೇಕು. "ಹಚ್ಚಿ ಇಪ್ಪತ್ತು ನಿಮಿಷಕ್ಕ ಮೆಸೇಜ್ ಬರ್ತದರಿ, ಮುಂಜಾನಿ ತಂಪಿನ್ಯಾಗೂ ಬರ್ತದ, ಫ್ಯಾನ್ ಜೋರ್ ಓಡ್ತದ ಆದ್ರ ಹಿಂದ ಗಾಳಿ ಕಮ್ಮಿ ಅದ" ಎಂದು ಹೇಳಿದರೆ ಕೆಲಸವೂ ಬೇಗ, ಖರ್ಚೂ ಕಡಿಮೆ. ಸಂದೇಶದ ಫೋಟೋ ತೋರಿಸಿ.

ಬರೀ ಧೂಳು ಮತ್ತು ಪೇಸ್ಟಿನ ಕೆಲಸವಾದರೆ ನಿಮ್ಮೆದುರಿಗೇ ಬಿಚ್ಚಲು ಕೇಳಿ. ಫ್ಯಾನ್ ಬದಲಿಸಿದರೆ ಹಳೆಯದನ್ನು ವಾಪಸ್ ಇಸಿದುಕೊಳ್ಳಿ. ಚಿಪ್ಪಿಗೆ ಹಾಟ್ ಏರ್ ಹೊಡೆದು ಸರಿ ಮಾಡಿಕೊಡುತ್ತೇವೆ ಎಂದರೆ ಒಪ್ಪುವ ಮುಂಚೆ ಯೋಚಿಸಿ. ಅದು ಕೆಲವು ದಿನ ನಡೆಸುತ್ತದೆ, ಬಹಳ ಸಲ ಅದೇ ದೋಷ ತಿರುಗಿ ಬರುತ್ತದೆ.

ಕೊಡುವ ಮುಂಚೆ ಡಿಸ್ಕ್ ತೆಗೆದುಕೊಳ್ಳಿ, ಸೀರಿಯಲ್ ನಂಬರಿನ ಫೋಟೋ ಹಿಡಿಯಿರಿ. ಮಷಿನು ಇನ್ನೂ ಹತ್ತುತ್ತಿದ್ದರೆ ಆಟದ ಸೇವ್‌ಗಳನ್ನು ಉಳಿಸಿಕೊಳ್ಳಿ. ಪಿಎಸ್4ರ ಸೇವ್‌ಗಳು ಪೆನ್ ಡ್ರೈವಿಗೆ ಕಾಪಿಯಾಗುತ್ತವೆ. ಪಿಎಸ್5 ಆಟಗಳ ಸೇವ್ ಒಂದೊಂದಾಗಿ ಹಾಗೆ ಹೋಗುವುದಿಲ್ಲ, ಸೋನಿಯ ಪಿಎಸ್ ಪ್ಲಸ್ ಚಂದಾ ಇದ್ದರೆ ಕ್ಲೌಡಿಗೆ ಕಳಿಸಿ, ಇಲ್ಲದಿದ್ದರೆ ಯುಎಸ್‌ಬಿ ಡ್ರೈವಿಗೆ ಇಡೀ ಮಷಿನಿನ ಬ್ಯಾಕಪ್ ತೆಗೆಯಿರಿ. ವಾಪಸ್ ತರುವಾಗ ಅಂಗಡಿಯಲ್ಲೇ ಭಾರಿ ಆಟ ಹಚ್ಚಿಸಿ ಅರ್ಧ ತಾಸು ಕೂತು, ಹಿಂದೆ ಅಂಗೈ ಹಿಡಿದು ಗಾಳಿ ನೋಡಿ, ಆಮೇಲೆ ದುಡ್ಡು ಕೊಡಿ.